ಹಸಿರು ಗಂಡು, ಕೆಂಪು ಹೆಣ್ಣು: ಎಕ್ಲೆಕ್ಟಸ್ ಗಿಳಿಯನ್ನು ಗುರುತಿಸುವುದು ಹೇಗೆ?

ಎಕ್ಲೆಕ್ಟಸ್ ಗಿಳಿಯ ಗಂಡು ಅಪ್ಪಟ ಹಸಿರು, ಹೆಣ್ಣು ಕಡುಗೆಂಪು. ಎರಡೂ ಬೇರೆ ಬೇರೆ ಜಾತಿ ಎಂದೇ ಪಕ್ಷಿತಜ್ಞರು ಬಹುಕಾಲ ಬರೆದಿಟ್ಟಿದ್ದರು. ಇವು ಗಂಡು–ಹೆಣ್ಣು ಎಂದು 1874ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಅಡಾಲ್ಫ್ ಬರ್ನ್‌ಹಾರ್ಡ್ ಮೇಯರ್. ನ್ಯೂಗಿನಿ, ಸಾಲೊಮನ್ ದ್ವೀಪಗಳು, ಇಂಡೋನೇಷ್ಯಾದ ಮಲುಕು ಮತ್ತು ಸುಂಬಾ, ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಇವುಗಳ ನೆಲೆ.

ಹಂತ 1: ಮೈಕಟ್ಟು ನೋಡಿ
ಉದ್ದ ಸುಮಾರು 35 ಸೆಂ.ಮೀ. ನಮ್ಮೂರ ಗಿಳಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಾಲ. ಎಕ್ಲೆಕ್ಟಸ್‌ನದು ಮೋಟು ಬಾಲ, ದಪ್ಪ ಮೈ. ನ್ಯೂಗಿನಿಯಲ್ಲಿ ಕೆಂಪು–ಹಸಿರಿನ ಕಿಂಗ್ ಪ್ಯಾರಟ್ ಕೂಡ ಇದೆ. ಬಾಲ ಉದ್ದವಾಗಿ, ಮೈ ತೆಳ್ಳಗಿದ್ದರೆ ಅದು ಎಕ್ಲೆಕ್ಟಸ್ ಅಲ್ಲ.

ಹಂತ 2: ಕೊಕ್ಕು ನೋಡಿ
ದಟ್ಟ ಕಾಡಿನ ಮಬ್ಬಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ, ಹಸಿರು ಎಲೆಯಲ್ಲಿ ಕಳೆದುಹೋಗುತ್ತದೆ. ಆಗ ಕೊಕ್ಕೇ ಆಧಾರ. ಗಂಡಿನ ಮೇಲ್ಕೊಕ್ಕು ಬುಡದಲ್ಲಿ ಕಿತ್ತಳೆ, ತುದಿಗೆ ಬರುತ್ತ ಹಳದಿ, ಕೆಳಕೊಕ್ಕು ಕಪ್ಪು. ಹೆಣ್ಣಿನ ಕೊಕ್ಕು ಪೂರ್ತಿ ಕಪ್ಪು. ಮರಿಗಳಲ್ಲಿ ಮಾತ್ರ ಈ ಲೆಕ್ಕ ನಡೆಯದು: ಎರಡಕ್ಕೂ ಮೇಲ್ಕೊಕ್ಕು ಕಂದು. ಅಲ್ಲಿ ಪುಕ್ಕದ ಬಣ್ಣವನ್ನೇ ನಂಬಿ. ಗಂಡು ಹಾರಿದಾಗ ರೆಕ್ಕೆಯಡಿಯ ಕೆಂಪು ಥಟ್ಟನೆ ಹೊಳೆಯುತ್ತದೆ.

ಹಂತ 3: ಯಾವ ದ್ವೀಪದ್ದು?
ಇದನ್ನು ಹೇಳುವುದು ಹೆಣ್ಣು. ನ್ಯೂಗಿನಿಯದಕ್ಕೆ ಹೊಟ್ಟೆ ನೀಲಿ, ಕಣ್ಣಿನ ಸುತ್ತ ತೆಳು ನೀಲಿ ಬಳೆ. ಉತ್ತರ ಮಲುಕುವಿನದಕ್ಕೆ ಆ ಬಳೆ ಇಲ್ಲ, ಬಾಲದ ತುದಿಯಲ್ಲಿ ಅಗಲವಾದ ಹಳದಿ ಪಟ್ಟಿ. ಸುಂಬಾದ ಹೆಣ್ಣಿನ ಹೊಟ್ಟೆಯಲ್ಲಿ ನೀಲಿಯೇ ಇಲ್ಲ, ಕೆಂಪೇ ಕೆಂಪು. ಪಂಜರದ ಹಕ್ಕಿಗಳಲ್ಲಿ ಈ ತಳಿಗಳು ಬೆರೆತಿರುವುದುಂಟು. ಅಲ್ಲಿ ಈ ಗುರುತುಗಳನ್ನು ನೆಚ್ಚಬೇಡಿ.

ಹಂತ 4: ಪೊಟರೆ ಹುಡುಕಿ
ತಗ್ಗುಪ್ರದೇಶದ ಮಳೆಕಾಡಿನಲ್ಲಿ, ಸುತ್ತಲಿನ ಮರಗಳನ್ನು ಮೀರಿ ನಿಂತ ಹಳೆಯ ಮರದ ಮೇಲ್ಭಾಗ ನೋಡಿ. ಪೊಟರೆಯ ಬಾಯಲ್ಲಿ ಕೆಂಪು ತಲೆಯೊಂದು ಇಣುಕುತ್ತಿದ್ದರೆ ಮನೆ ಸಿಕ್ಕಿತು. ಬಣ್ಣದ ಗುಟ್ಟೂ ಅಲ್ಲೇ ಇದೆ. ಒಳ್ಳೆಯ ಪೊಟರೆ ಅಪರೂಪ. ಹಾಗಾಗಿ ಹೆಣ್ಣು ವರ್ಷದ ಬಹುಪಾಲು ಅದನ್ನು ಕಾಯುತ್ತಲೇ ಇರುತ್ತದೆ. 'ಇದು ನನ್ನದು' ಎಂದು ಬೇರೆ ಹೆಣ್ಣುಗಳಿಗೆ ದೂರದಿಂದಲೇ ಸಾರುವುದು ಅದರ ಕೆಂಪು. ಅಪಾಯ ಬಂದರೆ ಒಳಗೆ ಸರಿದರಾಯಿತು. ಗಂಡಿಗೆ ಆ ಆಸರೆ ಇಲ್ಲ. ಕಾಡೆಲ್ಲ ಅಲೆದು ಕಾಡು ಅತ್ತಿಯಂಥ ಹಣ್ಣು, ಬೀಜ ತಂದು ಹೆಣ್ಣಿಗೆ ಉಣಿಸಬೇಕು. ಗಿಡುಗನ ಕಣ್ಣು ತಪ್ಪಿಸಲು ಹಸಿರೇ ಬೇಕು. ಅದರ ಹಸಿರಿನಲ್ಲಿರುವ ಅತಿನೇರಳೆ ಹೊಳಪು ಗಿಳಿಗಳ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಗಿಡುಗಕ್ಕೆ ಅಷ್ಟಾಗಿ ಕಾಣದು. ಆಸ್ಟ್ರೇಲಿಯಾದ ಜೀವವಿಜ್ಞಾನಿ ರಾಬ್ ಹೈನ್ಸನ್ ಮತ್ತು ಸಂಗಡಿಗರು ಕೇಪ್ ಯಾರ್ಕ್‌ನ ಕಾಡಿನಲ್ಲಿ ಅಧ್ಯಯನ ನಡೆಸಿ 2005ರಲ್ಲಿ ಪ್ರಕಟಿಸಿದ ವಿವರಣೆ ಇದು. ಒಂದೇ ಹೆಣ್ಣಿಗೆ ಹಲವು ಗಂಡುಗಳು ತುತ್ತು ತರುವುದನ್ನೂ ಅವರು ಕಂಡರು.

ಇಡುವುದು ಎರಡು ಮೊಟ್ಟೆ, ಕಾವು ಸುಮಾರು ನಾಲ್ಕು ವಾರ. ಜೋರು ಮಳೆಗೆ ಪೊಟರೆಯಲ್ಲಿ ನೀರು ತುಂಬಿದರೆ ಮೊಟ್ಟೆ, ಮರಿ ಎರಡೂ ಹೋದವು. ಹಳೆಯ ಮರ ಉರುಳಿತೆಂದರೆ, ಅಂಥದೇ ಒಣ ಪೊಟರೆ ಇನ್ನೊಂದು ಮರದಲ್ಲಿ ಮೂಡಲು ಎಷ್ಟೋ ದಶಕ ಬೇಕು.