ಕ್ರಿಸ್ಮಸ್ ತಟ್ಟೆಗೆ ಪುಟ್ಟ ಪೆಕಾನ್ ಟಾರ್ಟ್

ಟಾರ್ಟ್ ಎಂದರೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ಗರಿಗರಿ ಹಿಟ್ಟಿನ ಬಟ್ಟಲು. ಹೋಳಿಗೆಯಲ್ಲಿ ಪಳಗಿದ ಕೈಗಳೇ ಅದನ್ನು ಕೆಡಿಸುವುದು ಹೆಚ್ಚು. ಇದು ನನ್ನ ಸ್ವಂತ ಅನುಭವ. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ತಂಗಿಯ ಮನೆಯಲ್ಲಿ, ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಟಾರ್ಟಿನ ಹಿಟ್ಟನ್ನು ಹೋಳಿಗೆಯ ಕಣಕದಂತೆ ಹತ್ತು ನಿಮಿಷ ನಾದಿ, ಜಿಗಿ ಬಂತೆಂದು ಬೀಗಿದ್ದೆ. ಓವನ್‌ನಿಂದ ಹೊರಬಂದವು ಬಟ್ಟಲುಗಳಲ್ಲ, ಅಂಚು ಕುಸಿದು ಮುದುಡಿದ ಹನ್ನೆರಡು ಗಟ್ಟಿ ಬಿಲ್ಲೆಗಳು. "ಅಕ್ಕಾ, ಇದನ್ನು ನಾದಬಾರದು. ಮುಟ್ಟಿಯೂ ಮುಟ್ಟದ ಹಾಗೆ ಕೂಡಿಸಬೇಕು" ಎಂದಳು ತಂಗಿ. ಅಂದಿನಿಂದ ಪ್ರತಿ ಡಿಸೆಂಬರ್‌ನಲ್ಲಿ ಮಾಡುತ್ತಿದ್ದೇನೆ. ಆ ಒಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ಸಲೀಸು.

ಪೆಕಾನ್ ನೋಡಲು ಅಕ್ರೋಟಿನ ಹಾಗೆಯೇ, ಅದೇ ಕುಟುಂಬದ್ದು. ಆದರೆ ಉದ್ದನೆಯದು, ನಯವಾದದ್ದು, ಕಹಿ ಕಡಿಮೆ. ಉತ್ತರ ಅಮೆರಿಕದ ನದೀತೀರಗಳಲ್ಲಿ ತಾನಾಗಿ ಬೆಳೆದ ಮರ. 1840ರ ದಶಕದಲ್ಲಿ ಲೂಸಿಯಾನದ ಒಂದು ಎಸ್ಟೇಟಿನಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ತೋಟಗಾರ ಒಳ್ಳೆಯ ಮರದ ರೆಂಬೆಗಳನ್ನು ಕಸಿ ಕಟ್ಟಿ ತೆಳು ಸಿಪ್ಪೆಯ ತಳಿಯೊಂದನ್ನು ಬೆಳೆಸಿದ. 1876ರಲ್ಲಿ ಫಿಲಡೆಲ್ಫಿಯಾದ ಮಹಾ ಪ್ರದರ್ಶನದಲ್ಲಿ ಆ ಕಾಯಿಗೆ ಮನ್ನಣೆ ಸಿಕ್ಕಿತು. ಕಸಿ ಮಾಡಿದವನ ಮನೆತನದ ಹೆಸರು ಮಾತ್ರ ಗೊತ್ತಿಲ್ಲ. ಟೆಕ್ಸಸ್ 1919ರಲ್ಲಿ ಪೆಕಾನನ್ನು ತನ್ನ ರಾಜ್ಯ ವೃಕ್ಷವೆಂದು ಘೋಷಿಸಿತು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಪೆಕಾನ್ ಪೈ ಇಲ್ಲದ ಹಬ್ಬದೂಟವನ್ನು ಊಟವೆಂದು ಒಪ್ಪುವವರು ಕಡಿಮೆ.

ದೊಡ್ಡ ಪೈಗಿಂತ ಪುಟ್ಟ ಟಾರ್ಟ್ ನನಗೆ ಇಷ್ಟ. ಪೈಯ ಮೊದಲ ತುಂಡು ಯಾವತ್ತೂ ಮುರಿದೇ ಬರುತ್ತದೆ, ನಡುವಿನ ಹೂರಣ ಬೇಯುವಷ್ಟರಲ್ಲಿ ಅಂಚು ಕಪ್ಪಾಗುತ್ತದೆ. ಪುಟ್ಟದರಲ್ಲಿ ಪ್ರತಿಯೊಬ್ಬರಿಗೂ ಗರಿಗರಿ ಅಂಚು ಸುತ್ತಲೂ ಸಿಗುತ್ತದೆ, ಚಾಕುವಿನ ಕೆಲಸವಿಲ್ಲ, ಬೇಯಲು ಅರ್ಧ ಗಂಟೆಯೂ ಬೇಡ.

ಏನೇನು ಬೇಕು

ಹನ್ನೆರಡು ಗುಳಿಗಳ ಮಫಿನ್ ಟ್ರೇ ಒಂದು. ಕಣಕಕ್ಕೆ 200 ಗ್ರಾಂ ಮೈದಾ, 100 ಗ್ರಾಂ ಉಪ್ಪಿಲ್ಲದ ತಣ್ಣನೆಯ ಬೆಣ್ಣೆ, ಎರಡು ದೊಡ್ಡ ಚಮಚ ಪುಡಿ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ಮೊಟ್ಟೆಯ ಹಳದಿ, ಒಂದೆರಡು ದೊಡ್ಡ ಚಮಚ ಐಸ್ ನೀರು. ಹೂರಣಕ್ಕೆ ಎರಡು ಮೊಟ್ಟೆ, 150 ಗ್ರಾಂ ಜೋನಿ ಬೆಲ್ಲ, 60 ಗ್ರಾಂ ಕಂದು ಸಕ್ಕರೆ, 40 ಗ್ರಾಂ ಬೆಣ್ಣೆ, ಚಿಟಿಕೆಗಿಂತ ತುಸು ಹೆಚ್ಚು ಉಪ್ಪು, ಒಂದು ಚಮಚ ವೆನಿಲಾ, 150 ಗ್ರಾಂ ಪೆಕಾನ್. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇರೆ ಉಪ್ಪು ಹಾಕಬೇಡಿ.

ಪೆಕಾನ್ ನಮ್ಮಲ್ಲಿ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಅಕ್ರೋಟು ಅದರ ಹತ್ತಿರದ ನೆಂಟ. ಹುರಿದ ಮೇಲೆ ಒಗರು ಸಿಪ್ಪೆಯನ್ನು ಬಟ್ಟೆಯಲ್ಲಿ ಉಜ್ಜಿ ಆದಷ್ಟು ತೆಗೆಯಿರಿ. ಕರಾವಳಿಯವರು ಗೇರುಬೀಜ ಹಾಕಿದರೂ ನಾನು ಆಕ್ಷೇಪಿಸುವುದಿಲ್ಲ. ಅದೂ ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೇ ತಾನೆ. ಅದು ಸಿಹಿ ಬೀಜವಾದ್ದರಿಂದ ಸಕ್ಕರೆಯನ್ನು 40 ಗ್ರಾಂಗೆ ಇಳಿಸಿ.

ಜೋನಿ ಬೆಲ್ಲ ಯಾಕೆ ಎಂದು ಕೇಳಬಹುದು. ಅಮೆರಿಕದವರು ಬಳಸುವುದು ಬಾಟಲಿಯ ಕಾರ್ನ್ ಸಿರಪ್, ಅಂದರೆ ಮೆಕ್ಕೆಜೋಳದ ಸಿಹಿ ಪಾಕ. ಬರಿಯ ಸಕ್ಕರೆಯಾದರೆ ಹೂರಣ ತಣಿದ ಮೇಲೆ ಹರಳುಗಟ್ಟಿ ಹಲ್ಲಿಗೆ ಕರಕರ ಎನ್ನುತ್ತದೆ; ಸಿರಪ್‌ನ ಗ್ಲೂಕೋಸ್ ಅದನ್ನು ತಡೆಯುತ್ತದೆ. ಶಿರಸಿ, ಸಾಗರದ ಕಡೆಯ ಜೋನಿ ಬೆಲ್ಲ ದ್ರವವಾಗಿಯೇ ಉಳಿಯುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಅದರಲ್ಲೂ ಗ್ಲೂಕೋಸ್, ಫ್ರಕ್ಟೋಸ್ ಬೆರೆತಿರುತ್ತವೆ. ಕಾರ್ನ್ ಸಿರಪ್ ಬರೀ ಸಿಹಿ. ಜೋನಿ ಬೆಲ್ಲಕ್ಕೆ ಕಬ್ಬಿನ ಘಮವಿದೆ, ನಾಲಿಗೆಯ ಅಂಚಿಗೆ ತಾಕುವ ತುಸು ಉಪ್ಪಿನ ರುಚಿಯೂ ಇದೆ. ತಂಗಿಗೆ ಒಮ್ಮೆ ಡಬ್ಬಿ ಕೊಂಡೊಯ್ದು ಕೊಟ್ಟೆ, ಈಗ ಅವಳೂ ಸಿರಪ್ ಕೊಳ್ಳುವುದಿಲ್ಲ. ತುಸು ಬೆಚ್ಚಗೆ ಮಾಡಿ ಸೋಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ತಳದಲ್ಲಿ ಕಸ, ಹರಳು ಇರುತ್ತವೆ.

ಕಣಕ

ನಿಪ್ಪಟ್ಟಿನ ಹಿಟ್ಟಿಗೆ ಕಾದ ಎಣ್ಣೆ ಹಾಕಿ ಉಜ್ಜುತ್ತೇವಲ್ಲ, ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವ ತನಕ? ಇಲ್ಲಿ ಉಜ್ಜುವುದು ಅದೇ ರೀತಿ, ಬೆಣ್ಣೆ ಮಾತ್ರ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ನೀರು ಒಳಗೆ ಇಳಿಯುವುದಿಲ್ಲ, ಜಿಗಿ ಹುಟ್ಟುವುದಿಲ್ಲ. ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಮೈದಾ, ಸಕ್ಕರೆ, ಉಪ್ಪಿನ ಜೊತೆ ಬೆರಳ ತುದಿಯಿಂದ ಉಜ್ಜಿ. ಅಂಗೈ ಬಿಸಿ, ಅದನ್ನು ತಾಗಿಸಬೇಡಿ. ದಪ್ಪ ರವೆಯ ಹದಕ್ಕೆ ಬಂದಾಗ, ನಡುನಡುವೆ ತೊಗರಿಬೇಳೆಯಷ್ಟು ಬೆಣ್ಣೆಯ ಚೂರು ಕಾಣುತ್ತಿದ್ದರೂ ಸರಿ, ನಿಲ್ಲಿಸಿ.

ಹಳದಿಗೆ ಒಂದು ದೊಡ್ಡ ಚಮಚ ಐಸ್ ನೀರು ಬೆರೆಸಿ ಮೇಲೆ ಚಿಮುಕಿಸಿ, ಫೋರ್ಕ್‌ನಿಂದ ಕಲಸಿ. ಒಣಗಿದೆ ಎನಿಸಿದರೆ ಇನ್ನೊಂದು ದೊಡ್ಡ ಚಮಚ ನೀರು. ಒಟ್ಟುಗೂಡಿದರೆ ಸಾಕು, ಅಂಚು ಬಿರಿದಿರಲಿ, ನುಣುಪು ಬೇಡ. ಚಪ್ಪಟೆ ಬಿಲ್ಲೆ ಮಾಡಿ, ಸುತ್ತಿ, ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಹನ್ನೆರಡು ಉಂಡೆ ಮಾಡಿ, ಒಂದೊಂದನ್ನೂ ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಸುಮಾರು ಹತ್ತು ಸೆಂಟಿಮೀಟರ್ ಅಗಲ ಬರುತ್ತದೆ. ಗುಳಿಗೆ ಬೆಣ್ಣೆ ಸವರಿ, ಹಾಳೆಯನ್ನು ಎಳೆಯದೆ ಒಳಗೆ ಇಳಿಸಿ, ಮೂಲೆಗೆ ಒತ್ತಿ. ಎಳೆದರೆ ಬೇಯುವಾಗ ಅದು ವಾಪಸ್ ಎಳೆದುಕೊಂಡು ಸೇಡು ತೀರಿಸಿಕೊಳ್ಳುತ್ತದೆ. ಹರಿದಲ್ಲಿ ಚೂರು ಹಿಟ್ಟು ಹಚ್ಚಿ ತೇಪೆ ಹಾಕಿ, ಏಕೆಂದರೆ ಸಣ್ಣ ತೂತಿದ್ದರೂ ಬೆಲ್ಲದ ಪಾಕ ಅಲ್ಲಿಂದ ಸೋರಿ ಟಾರ್ಟನ್ನು ಟ್ರೇಗೆ ಅಂಟಿಸಿಬಿಡುತ್ತದೆ. ಟ್ರೇಯನ್ನು ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಡಿ.

ಹೂರಣ ಮತ್ತು ಬೇಯಿಸುವುದು

ಬೀಜಗಳನ್ನು 160 ಡಿಗ್ರಿಯಲ್ಲಿ ಎಂಟು ನಿಮಿಷ ಹುರಿದು, ತಣಿದ ಮೇಲೆ ಹನ್ನೆರಡು ಅಂದದ ಹೋಳುಗಳನ್ನು ಪಕ್ಕಕ್ಕಿಟ್ಟು ಉಳಿದವನ್ನು ಒರಟಾಗಿ ಹೆಚ್ಚಿ. ಬೆಣ್ಣೆ ಕರಗಿಸಿ ಅದಕ್ಕೆ ಜೋನಿ ಬೆಲ್ಲ, ಸಕ್ಕರೆ, ಉಪ್ಪು ಸೇರಿಸಿ. ಉಗುರುಬೆಚ್ಚಗಾಗುವ ತನಕ ಕಾಯಿರಿ. ಬಿಸಿಯಿದ್ದಾಗಲೇ ಮೊಟ್ಟೆ ಹಾಕಿದರೆ ಆಮ್ಲೆಟ್ ಆಗುತ್ತದೆ. ಮೊಟ್ಟೆ, ವೆನಿಲಾ ಹಾಕಿ ಫೋರ್ಕ್‌ನಿಂದ ಕಲಕಿ. ನೊರೆ ಬರುವಂತೆ ಬಡಿಯಬೇಡಿ, ನೊರೆ ಮೇಲೆ ಬಂದು ಮಸುಕು ಪೊರೆಯಾಗುತ್ತದೆ.

ಮನೆಯ ಚಿಕ್ಕ ಓವನ್‌ಗಳ ದೊಡ್ಡ ಕೊರತೆ ಎಂದರೆ ಟಾರ್ಟಿನ ತಳ ಹಸಿಯಾಗಿ ಉಳಿಯುವುದು. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಮದ್ದಿದೆ. ಹಿಡಿಯಿಲ್ಲದ ಕಬ್ಬಿಣದ ದೋಸೆ ಕಾವಲಿಯನ್ನು ಓವನ್‌ನ ಕೆಳಗಿನ ಅಂತಸ್ತಿನಲ್ಲಿಟ್ಟು, ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, 180 ಡಿಗ್ರಿಗೆ ಇಪ್ಪತ್ತು ನಿಮಿಷ ಕಾಯಿಸಿ. ಹೆಚ್ಚಿದ ಬೀಜವನ್ನು ಬಟ್ಟಲುಗಳಿಗೆ ಹಂಚಿ, ಪಾಕವನ್ನು ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲುವಷ್ಟು ಮಾತ್ರ ಸುರಿದು, ಎತ್ತಿಟ್ಟ ಹೋಳನ್ನು ಮೇಲಿಡಿ. ಪಾಕ ಸ್ವಲ್ಪ ಉಳಿದರೆ ಉಳಿಯಲಿ, ಆಸೆಪಟ್ಟು ತುಂಬಬೇಡಿ. ಟ್ರೇಯನ್ನು ನೇರವಾಗಿ ಕಾದ ಕಾವಲಿಯ ಮೇಲಿಡಿ.

ಇಪ್ಪತ್ತು ನಿಮಿಷಕ್ಕೆ ನೋಡಲು ಶುರು ಮಾಡಿ, ಇಪ್ಪತ್ತೈದರೊಳಗೆ ಆಗಬೇಕು. ಅಂಚು ಹೊಂಬಣ್ಣಕ್ಕೆ ತಿರುಗಿ, ಹೂರಣ ಸುತ್ತ ಉಬ್ಬಿ, ಟ್ರೇ ಅಲುಗಿಸಿದರೆ ನಡುವೆ ಮಾತ್ರ ಗಟ್ಟಿ ಮೊಸರಿನಂತೆ ನಡುಗಬೇಕು. ಅಲೆಯಾಡಿದರೆ ಇನ್ನೂ ಹಸಿ. ಏನೂ ಅಲುಗದಿದ್ದರೆ ತುಸು ಹೆಚ್ಚಾಯಿತು. ಥರ್ಮಾಮೀಟರ್ ಇದ್ದವರಿಗೆ ನಡುವಿನ ಬಿಸಿ 93 ಡಿಗ್ರಿ. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಯಲ್ಲಿ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ.

ಹತ್ತು ನಿಮಿಷ ಬಿಟ್ಟು ತೆಳು ಚಾಕುವಿನಿಂದ ಸುತ್ತ ಬಿಡಿಸಿ, ಎತ್ತಿ ಜಾಲರಿಯ ಮೇಲಿಡಿ. ಪೂರ್ತಿ ತಣಿಯಲು ಬಿಟ್ಟರೆ ಸೋರಿದ ಪಾಕ ಮಿಠಾಯಿಯಂತೆ ಗಟ್ಟಿಯಾಗಿ ಟಾರ್ಟನ್ನು ಬಿಡುವುದಿಲ್ಲ.

ಮೊಟ್ಟೆ ತಿನ್ನದವರಿಗೆ

ಈ ಹೂರಣವನ್ನು ನಿಲ್ಲಿಸುವುದೇ ಮೊಟ್ಟೆ. ಕಾರ್ನ್‌ಫ್ಲೋರ್ ಹಾಕಿ ನೋಡಿದ್ದೇನೆ, ಅಂಟಂಟಾಗಿ ಹಲ್ವದ ಬಡ ತಮ್ಮನಂತೆ ಬಂತು. ಅದಕ್ಕಿಂತ ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯವರ ಅಕ್ರೋಟಿನ ಟಾರ್ಟ್ ದಾರಿ ಹಿಡಿಯುವುದು ಲೇಸು. ಅವರ ಹೂರಣದಲ್ಲಿ ಇರುವುದು ಕ್ಯಾರಮೆಲ್, ಕೆನೆ, ಬೀಜ ಅಷ್ಟೇ. ಕಣಕಕ್ಕೆ ಹಳದಿಯ ಬದಲು ಒಂದು ಚಮಚ ತಣ್ಣನೆ ಹಾಲು ಸಾಕು. ಬಟ್ಟಲುಗಳ ತಳವನ್ನು ಫೋರ್ಕ್‌ನಿಂದ ಚುಚ್ಚಿ, ಬೆಣ್ಣೆಕಾಗದ ಹಾಸಿ, ಹಸಿ ಕಡಲೆಕಾಳು ತುಂಬಿ 180 ಡಿಗ್ರಿಯಲ್ಲಿ ಹದಿನೈದು ನಿಮಿಷ, ಕಾಳು ತೆಗೆದು ಮತ್ತೆ ಐದಾರು ನಿಮಿಷ ಬೇಯಿಸಿ. 150 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಜೇನಿನ ಬಣ್ಣಕ್ಕೆ ಕರಗಿಸಿ, ಒಲೆ ಆರಿಸಿ, ಬೆಚ್ಚಗಿನ 100 ಮಿಲಿಲೀಟರ್ ಕೆನೆಯನ್ನು ನಿಧಾನವಾಗಿ ಸೇರಿಸಿ. ಭುಸ್ಸೆಂದು ಉಕ್ಕುತ್ತದೆ, ಮುಖ ದೂರವಿರಲಿ, ಮಕ್ಕಳೂ ದೂರವಿರಲಿ. 30 ಗ್ರಾಂ ಬೆಣ್ಣೆ, ಹುರಿದ ಬೀಜ ಸೇರಿಸಿ ಎರಡು ನಿಮಿಷ ಕುದಿಸಿ, ಬಟ್ಟಲಿಗೆ ತುಂಬಿ ತಣಿಸಿದರೆ ಮುಗಿಯಿತು.

ಇಡುವುದು, ಕೊಡುವುದು

ಮೊಟ್ಟೆಯ ಟಾರ್ಟನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಕೊಡುವ ಮುನ್ನ 160 ಡಿಗ್ರಿಯಲ್ಲಿ ಎಂಟು ನಿಮಿಷ ಬೆಚ್ಚಗೆ ಮಾಡಿದರೆ ಅಂಚು ಮತ್ತೆ ಗರಿಗರಿಯಾಗುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಮಂಗಳೂರಿನ ಕಡೆ ಕ್ರಿಸ್ಮಸ್‌ಗೆ ನೆರೆಮನೆಗಳಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಹಂಚುವವರು ಇದನ್ನು ಸೇರಿಸುವುದಾದರೆ ಬೇರೆ ಡಬ್ಬಿಯಲ್ಲಿ ಕಳುಹಿಸಿ. ಹೂರಣದ ಪಸೆ ತಾಗಿದರೆ ಪಕ್ಕದ ರೋಸ್ ಕುಕ್ಕಿಗಳು ಸಂಜೆಯೊಳಗೆ ಮೆತ್ತಗಾಗುತ್ತವೆ.