ಮೈದನಹಳ್ಳಿಯ ಬಯಲಿನಲ್ಲಿ ಆಹಾರ ಸರಪಳಿಯ ಪಾಠ

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು: ಈ ಸರಪಳಿ ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಬಾಯಿಪಾಠ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಡಿಸೆಂಬರ್‌ನಲ್ಲಿ ಎಷ್ಟು ಹುಡುಕಿದರೂ ಕಪ್ಪೆ ಕಾಣಸಿಗುವುದು ಅಪರೂಪ. ಆದ್ದರಿಂದ ಈ ಪಾಠವನ್ನು ಅಲ್ಲಿಯೇ ಮಾಡುತ್ತೇನೆ.

ಅಲ್ಲಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಸುಮಾರು 800 ಎಕರೆ. ಒಳಗೆ ನೋಡುವುದಷ್ಟೇ, ಏನನ್ನೂ ಕೀಳುವಂತಿಲ್ಲ. ಅಳೆಯುವ ಕೆಲಸವೆಲ್ಲ ಹೊರಗೆ, ರೈತರೊಬ್ಬರ ಒಪ್ಪಿಗೆ ಪಡೆದು ಅವರ ಬೀಳು ಹೊಲದಲ್ಲಿ. ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ ಒಂದು ಚದರ ಮೀಟರಿನ ಚೌಕ ಮಾಡುತ್ತೇವೆ. ಅದರೊಳಗಿನ ಹುಲ್ಲನ್ನು ಬುಡದವರೆಗೆ ಕೊಯ್ದು, ಒಣಗಿಸಿ ತೂಗುತ್ತೇವೆ. ಇನ್ನೊಂದು ಚೌಕದ ಮೇಲೆ ಹಳೆಯ ಸೊಳ್ಳೆಪರದೆ ಮುಚ್ಚಿ ಮಿಡತೆಗಳನ್ನು ಹಿಡಿಯುತ್ತೇವೆ. ಅವುಗಳನ್ನು ತೂಗಲು ಅಕ್ಕಸಾಲಿಗರ ತಕ್ಕಡಿಯೇ ಬೇಕು! ಎರಡೂ ತೂಕಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದ ಮೇಲೆ, ಒಂದು ಹಂತದ ಶಕ್ತಿಯಲ್ಲಿ ಸುಮಾರು ಶೇ 10ರಷ್ಟು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತದೆ ಎಂಬ ಮಾತನ್ನು ಯಾರಿಗೂ ಉರು ಹೊಡೆಸಬೇಕಾಗಿಲ್ಲ. ಮಿಡತೆಗಳನ್ನು ಅಲ್ಲಿಯೇ ಬಿಟ್ಟುಬಿಡುತ್ತೇವೆ.

ಮುಂದಿನ ಭಕ್ಷಕ ಯಾರು? ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲುತ್ತ ಮಿಡತೆಗಳನ್ನು ನೇರವಾಗಿ ಹಿಡಿಯುತ್ತವೆ. ನಡುವೆ ಕಪ್ಪೆಯೂ ಇಲ್ಲ, ಹಾವೂ ಇಲ್ಲ. ಅದೇ ಹಕ್ಕಿ ಹಲ್ಲಿಯನ್ನೋ ಇಲಿಯನ್ನೋ ಹಿಡಿದರೆ ಅದರ ಮೆಟ್ಟಿಲೇ ಬದಲಾಗುತ್ತದೆ. ಮಕ್ಕಳು ತಾವು ಬರೆದ ಸರಪಳಿಯ ಬಾಣಗಳನ್ನು ಅಳಿಸಿ ಮತ್ತೆ ಎಳೆಯುವುದು ಇಲ್ಲಿಯೇ; ನನಗೆ ಅತ್ಯಂತ ಇಷ್ಟವಾದ ಘಳಿಗೆಯೂ ಇದೇ.

ಒಣಹುಲ್ಲನ್ನು ಹೊತ್ತೊಯ್ಯುವ ಗೆದ್ದಲು ಭಕ್ಷಕವೋ, ಸತ್ತದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವ ವಿಘಟಕವೋ ಎಂಬ ಜಗಳ ಪ್ರತಿ ವರ್ಷವೂ ನಡೆಯುತ್ತದೆ. ನಾನು ತೀರ್ಪು ಕೊಡುವುದಿಲ್ಲ. ಕೃಷ್ಣಮೃಗದ ಹಿಕ್ಕೆಯ ಕಥೆ ಇನ್ನೂ ತೊಡಕಿನದು. ಈ ಜಿಂಕೆ ಹುಲ್ಲಿನ ಜೊತೆಗೆ ಬಳ್ಳಾರಿ ಜಾಲಿಯ ಕಾಯಿಯನ್ನೂ ತಿನ್ನುತ್ತದೆ, ಬೀಜ ಹಿಕ್ಕೆಯಲ್ಲಿ ಹೊರಬಂದು ಮೊಳೆಯುತ್ತದೆ. ಬಯಲೆಲ್ಲ ಹಬ್ಬಿ ತನ್ನ ಹುಲ್ಲನ್ನು ನುಂಗುವ ಗಿಡವನ್ನು ಜಿಂಕೆ ತಾನೇ ಬಿತ್ತುತ್ತಿದೆ ಎಂದರೆ ಮಕ್ಕಳು ನಂಬುವುದೇ ಇಲ್ಲ. ಗಿಡ ನೆಡುವುದೆಲ್ಲವೂ ಪುಣ್ಯದ ಕೆಲಸವೆಂದು ಕಲಿಸಿದವರು ನಾವೇ ಅಲ್ಲವೇ.

ಪರೀಕ್ಷೆಯಲ್ಲಿ ಏನು ಬರೆಯಬೇಕೆಂದು ಕೊನೆಗೆ ಒಬ್ಬರಾದರೂ ಕೇಳುತ್ತಾರೆ. ಯಾವ ಪ್ರಾಣಿಯನ್ನು ಎಲ್ಲಿ ನೋಡಿದಿರಿ ಎಂದು ಹೆಸರಿಸಿ ಹ್ಯಾರಿಯರ್ ಸರಪಳಿಯನ್ನೇ ಬರೆಯಿರಿ, ನನ್ನ ಪತ್ರಿಕೆಯಲ್ಲಿ ಪೂರ್ಣ ಅಂಕ ಎನ್ನುತ್ತೇನೆ. ಬೋರ್ಡ್ ಪರೀಕ್ಷೆಗೆ ಮಾತ್ರ ಕಪ್ಪೆಯೂ ನೆನಪಿರಲಿ.