ಬ್ಯಾಟರಿ ಸತ್ತ ಕಾರಿನ ಬಾನೆಟ್ ತೆರೆದದ್ದು ಹೀಗೆ

ಮಿಷಿಗನ್‌ನ ಚಳಿ. ಬೆಳಿಗ್ಗೆ ನೋಡಿದರೆ ನಮ್ಮ ಎಲೆಕ್ಟ್ರಿಕ್ ಕಾರು ಉಸಿರೇ ಇಲ್ಲದೆ ನಿಂತಿತ್ತು. ಬಾಗಿಲೂ ತೆರೆಯಲಿಲ್ಲ. ಹಿಂದಿನ ರಾತ್ರಿ ದೊಡ್ಡ ಬ್ಯಾಟರಿಯಲ್ಲಿ ಶೇಕಡಾ 70 ಚಾರ್ಜ್ ಇತ್ತು. ಸತ್ತದ್ದು 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಹೋದರೆ ದೊಡ್ಡ ಬ್ಯಾಟರಿಯ ಕರೆಂಟೂ ಹರಿಯುವುದಿಲ್ಲ. ಆ ಸಣ್ಣ ಬ್ಯಾಟರಿ ಇರುವುದು ಬಾನೆಟ್ ಕೆಳಗೆ. ಬಾನೆಟ್ ಲಾಕ್ ಬಿಡುವುದೋ ಕರೆಂಟಿನಿಂದ! ಅರ್ಧ ಗಂಟೆ ದಿಕ್ಕೇ ತೋಚಲಿಲ್ಲ.

ದಾರಿ ಕಾರಿನ ಕೈಪಿಡಿಯಲ್ಲೇ ಇತ್ತು. ಮುಂದಿನ ಬಂಪರ್‌ನಲ್ಲಿ ಕಾರನ್ನು ಎಳೆಯುವ ಕೊಕ್ಕೆ (ಟೋ ಹುಕ್) ಹಾಕುವ ಜಾಗಕ್ಕೆ ಒಂದು ದುಂಡು ಮುಚ್ಚಳ. ಅದರ ಅಂಚನ್ನು ಒತ್ತಿದೆ, ಇನ್ನೊಂದು ಬದಿ ಮೇಲೆದ್ದಿತು. ಒಳಗೆ ಕೆಂಪು, ಕಪ್ಪು ಎರಡು ತಂತಿ. ಸತ್ತ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಡುವ ಸಣ್ಣ ಸಾಧನ, ಅಂದರೆ ಜಂಪ್ ಸ್ಟಾರ್ಟರ್‌ನ ಕೆಂಪು ಕ್ಲಿಪ್ ಕೆಂಪಿಗೆ, ಕಪ್ಪು ಕಪ್ಪಿಗೆ ಹಾಕಿದೆ. ಏನೂ ಆಗಲಿಲ್ಲ.

ಇಲ್ಲಿ ತುಂಬಾ ಜನ ಸೋಲುತ್ತಾರೆ ಅನ್ಸುತ್ತೆ. ಕ್ಲಿಪ್ ಹಾಕಿದ ಕಡೆ ವೋಲ್ಟೇಜ್ ಕಾಣದಿದ್ದರೆ ಎಷ್ಟೋ ಜಂಪ್ ಸ್ಟಾರ್ಟರ್‌ಗಳು ಕರೆಂಟ್ ಕೊಡುವುದೇ ಇಲ್ಲ. ಆಗಲೂ ಕರೆಂಟ್ ಕೊಡಿಸಲು ಇರುವುದು ಬೂಸ್ಟ್ ಗುಂಡಿ, ಅದನ್ನು ಒತ್ತಿದೆ. ಟಕ್ ಅಂತ ಬಾನೆಟ್ ಬೆರಳಗಲ ಎದ್ದಿತು! ಬೂಸ್ಟ್ ಒತ್ತುವ ಮೊದಲು ಕೆಂಪು, ಕಪ್ಪು ಅದಲುಬದಲಾಗಿಲ್ಲವೇ ಅಂತ ಎರಡು ಸಲ ನೋಡಿ. ಬೂಸ್ಟ್ ಒತ್ತಿದಾಗ ತಪ್ಪು ಜೋಡಣೆಯಿಂದ ಕಾಯುವ ರಕ್ಷಣೆ ಇರುವುದಿಲ್ಲ.

ಈ ತಂತಿಗಳು ಬಾನೆಟ್ ಬಿಡಿಸಲು ಮಾತ್ರ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಆಮೇಲೆ ಕ್ಲಿಪ್‌ಗಳನ್ನು 12 ವೋಲ್ಟ್ ಬ್ಯಾಟರಿಗೇ ಹಾಕಿದೆ, ಕಾರು ಎಚ್ಚರವಾಯಿತು. ಅದೇ ವಾರ ಹೊಸ ಬ್ಯಾಟರಿ ಹಾಕಿಸಿದೆ. ಜಂಪ್ ಸ್ಟಾರ್ಟರ್ ಈಗ ಮನೆಯೊಳಗೇ ಇರುತ್ತದೆ. ಕಾರಿನಲ್ಲಿಟ್ಟರೆ ಬಾಗಿಲು ತೆರೆಯಬೇಕಲ್ವಾ?